ಯಂತ್ರದ ಕೋಣೆಯಲ್ಲಿ ಮಲಗುತ್ತಿದ್ದವಳು

ಹೆದ್ದಾರಿಗೆ ಮುಖ ಮಾಡಿ ಮನೆ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಿಂದೆ ಎರಡೆಕರೆ ಖಾಲಿ ಬಿದ್ದಿರುತ್ತದೆ. ಆದರೂ ಮನೆಯನ್ನು ತಂದು ರಸ್ತೆಯ ಮೂಗಿಗೇ ಒತ್ತಿ ನಿಲ್ಲಿಸುತ್ತಾರೆ. ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡಬೇಕು, ಅಷ್ಟೇ ಆಸೆ. ಆಮೇಲೆ ಲಾರಿಗಳ ಸದ್ದು, ಧೂಳು ತಡೆಯಲಾರದೆ ಕಿಟಕಿಗಳಿಗೆಲ್ಲ ತೆಗೆಯಲು ಬಾರದ ಗಾಜು ಕೂರಿಸುತ್ತಾರೆ. ಉಸಿರಾಡಲು ಗಾಳಿ ಬೇಕಲ್ಲ, ಅದಕ್ಕೊಂದು ಯಂತ್ರ ತರುತ್ತಾರೆ. ಯಂತ್ರದ ಗಾಳಿಯನ್ನು ಕೋಣೆ ಕೋಣೆಗೆ ಒಯ್ಯಲು ಪಿಒಪಿ ಸೂರಿನ ಮೇಲೆ ತಗಡಿನ ಅಗಲ ಕೊಳವೆಗಳನ್ನು ಹಾಯಿಸುತ್ತಾರೆ. ಡಕ್ಟ್ ಅಂತಾರೆ ಅದಕ್ಕೆ. ನಮ್ಮ ಕಡೆ ಬಾಗಿಲು ತೆಗೆದರೆ ಸಾಕು, ಬೇಡವೆಂದರೂ ಗಾಳಿ ಬರುತ್ತದೆ. ಅಂಥ ಊರಲ್ಲಿ ಗಾಳಿಯನ್ನು ತಗಡಿನೊಳಗೆ ತುಂಬಿಸಿ ತರಿಸಿಕೊಳ್ಳುವವರ ಡಕ್ಟ್ ಗುಡಿಸುವುದೇ ನನ್ನ ಮತ್ತು ನನ್ನ ಗಂಡನ ಹೊಟ್ಟೆಪಾಡು.

ಕೆಲಸ ಕಲಿತವನು ಅವನು. ಗಲ್ಫಿನ ಹೋಟೆಲುಗಳಲ್ಲಿ ಹನ್ನೆರಡು ವರ್ಷ ಡಕ್ಟುಗಳ ಒಳಗೆ ತೆವಳಿ, ಬೆನ್ನು ಹಾಳು ಮಾಡಿಕೊಂಡು ಸಾಗರಕ್ಕೆ ವಾಪಸು ಬಂದ. ನಾನು ಆಗ ಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಅವನಿಗೆ ಬಗ್ಗಲಾಗುವುದಿಲ್ಲ, ನಾನು ಸಣಕಲು. ಹಾಗಾಗಿ ಏಣಿ ಹತ್ತಿ ಸೂರಿನ ಮೇಲೆ ನುಗ್ಗುವುದು ನಾನು, ಕೆಳಗೆ ನಿಂತು ದೊಡ್ಡ ವ್ಯಾಕ್ಯೂಮ್ ನಡೆಸುವುದು ಅವನು. ಶುರುವಿನಲ್ಲಿ ಮನೆಯವರು "ಹೆಂಗಸ್ರು ಮೇಲೆ ಹತ್ತೋದಾ?" ಅಂತ ಮುಖ ಸಿಂಡರಿಸುತ್ತಿದ್ದರು. ಕೆಳಗೆ ಬಿದ್ದ ಕೊಳೆ ನೋಡಿದ ಮೇಲೆ ಯಾರೂ ಹಾಗೆ ಕೇಳುತ್ತಿರಲಿಲ್ಲ. ತಮ್ಮ ಮನೆಯದ್ದೇ ಕೊಳೆ ಎಂದು ಒಪ್ಪಿಕೊಳ್ಳುತ್ತಲೂ ಇರಲಿಲ್ಲ.

ಈಗ ಹೇಳಹೊರಟದ್ದು ಸಾಗರದಿಂದ ಆನಂದಪುರದ ಕಡೆ ಹೋಗುವ ಹೆದ್ದಾರಿಯ ಒಂದು ಮನೆಯ ವಿಷಯ. ಯಜಮಾನರು ಟೈಲ್ಸ್ ವ್ಯಾಪಾರಿ. ಮನೆಯ ಮುಂಭಾಗಕ್ಕೆ ಐದಾರು ಥರದ ಕಲ್ಲು ಅಂಟಿಸಿದ್ದರು. ಯಾವ ಕಲ್ಲು ಬೇಕು ಅಂತ ಗಿರಾಕಿಗಳು ರಸ್ತೆಯಲ್ಲೇ ನಿಂತು ಆರಿಸಬಹುದಿತ್ತು. ಮನೆಯ ಎದುರೇ ರಸ್ತೆ ಏರು. ಅಲ್ಲಿಗೆ ಬಂದ ಪ್ರತಿ ಲಾರಿಯೂ ಗೇರು ಇಳಿಸಿ, ನರಳಿ, ಒಂದು ಉಸಿರು ಕರಿಹೊಗೆ ಬಿಟ್ಟೇ ಮುಂದೆ ಹೋಗುತ್ತಿತ್ತು.

ನಾನು ಆ ಮನೆಗೆ ಮೊದಲು ಹೋದದ್ದು ಅಡಿಗೆಮನೆಯ ಚಿಮಣಿ ತೊಳೆಯಲು. ಅಲ್ಲಿ ಅಡಿಗೆಗೆ ಒಬ್ಬಳಿದ್ದಳು. ರಿಪ್ಪನ್‌ಪೇಟೆಯ ಕಡೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದಳಂತೆ. ವಾರವೆಲ್ಲ ಇಲ್ಲೇ ಇದ್ದು ಭಾನುವಾರ ಬಸ್ಸು ಹಿಡಿದು ತಂಗಿ ಮನೆಗೆ ಹೋಗಿ ಬರುತ್ತಿದ್ದಳು. ನಾನು ಚಿಮಣಿ ಕಳಚುತ್ತಿದ್ದಾಗ ಪಕ್ಕದಲ್ಲಿ ನಿಂತು ಸೌತೆಕಾಯಿ ಹೆಚ್ಚುತ್ತ ಹೇಳಿದಳು:

"ಅಕ್ಕ, ಹಿಂದಿನ ಕೋಣೇಲಿ ಒಂದು ಮಿಷಿನ್ ಇದೆ. ಅದ್ರ ಬಾಗಿಲ ಸಂದಿಯಿಂದ ಕಪ್ಪು ಉದುರ್ತದೆ. ಬೆಳಿಗ್ಗೆ ಎದ್ರೆ ಹೊದ್ದ ಚಾದರದ ಮೇಲೆಲ್ಲ ಮಸಿ. ಒಂಚೂರು ನೋಡ್ತೀರಾ?"

"ನಮ್ಗೆ ಹೇಳಿದ್ದು ಚಿಮಣಿ ಮಾತ್ರ," ಅಂದೆ. "ಬೇರೆ ಎಂತ ಇದ್ರೂ ಯಜಮಾನ್ರಿಗೆ ಹೇಳಿ."

"ಅವ್ರಿಗೆ ಹೇಳಿದ್ರೆ ಕೇಳ್ತಾರಾ?" ಅಂದಳು. ಅಷ್ಟೊತ್ತಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಅವಳು ಬರುವಷ್ಟರಲ್ಲಿ ನಾನು ಕೆಲಸ ಮುಗಿಸಿ ಹೊರಟೇಬಿಟ್ಟಿದ್ದೆ. ಒಂದು ಬಾಗಿಲು ತೆಗೆದು ಟಾರ್ಚು ಬಿಟ್ಟು ನೋಡಲು ಐದು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. ಈ ಕಥೆಯಲ್ಲಿ ನಾನು ಯಾರ ಬಗ್ಗೆ ಹಗುರಾಗಿ ಮಾತಾಡುತ್ತೇನೋ ಅವರ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಂಡೇ ಮುಂದೆ ಹೇಳುತ್ತೇನೆ.

ಒಂದು ವರ್ಷದ ಮೇಲೆ ಅದೇ ಮನೆಯಿಂದ ಫೋನ್ ಬಂತು. ಯಜಮಾನರೇ ಮಾತಾಡಿದರು. ಮೊಮ್ಮಗಳಿಗೆ ನಾಲ್ಕು ವರ್ಷ, ಆರು ತಿಂಗಳಿಂದ ಕೆಮ್ಮು, ಔಷಧಿ ಕುಡಿಸಿದಾಗ ಕಡಿಮೆಯಾಗಿ ಮತ್ತೆ ಬರುತ್ತದೆ. ಮಗುವಿನ ಡಾಕ್ಟರು, ಮನೆಯೊಳಗಿನ ಧೂಳು ನೋಡಿಸಿ ಅಂದರಂತೆ. ಅದಕ್ಕೆ ದೊಡ್ಡ ಊರಿನ ಕಂಪನಿಯೊಂದನ್ನು ಕರೆಸಿ ಡಕ್ಟೆಲ್ಲ ಕ್ಲೀನ್ ಮಾಡಿಸಿದ್ದಾರೆ. ಆದರೂ ಕೆಮ್ಮು ಹೋಗಿಲ್ಲ. ಈಗ ಆ ಕಂಪನಿಯವರು ಫೋನು ಎತ್ತುತ್ತಿಲ್ಲ.

"ನೀವು ಲೋಕಲ್ ಅಲ್ವಾ, ಒಂದ್ಸಲ ಸುಮ್ನೆ ನೋಡಿ ಹೋಗಿ," ಅಂದರು. ಲೋಕಲ್ ಅನ್ನುವ ಮಾತನ್ನು ಅವರು ಹೇಳಿದ ರೀತಿಗೆ ನನ್ನ ಗಂಡ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನ ಮುಖ ನೋಡಿದ.

ಹೋದೆವು. ಹಾಲಿನ ಗೋಡೆಯ ಮೇಲೆ, ದೇವರ ಫೋಟೋಗಳ ಸಾಲಿನಲ್ಲೇ, ಆ ಕಂಪನಿ ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನೇತುಹಾಕಿದ್ದರು. ಬಂಗಾರದ ಬಣ್ಣದ ಮೊಹರು, ಕೆಳಗೆ ಓದಲಾಗದ ಸಹಿ. ಯಜಮಾನರ ಹೆಂಡತಿ ಮೊಬೈಲಿನಲ್ಲಿ ಕೆಲಸದ ಮೊದಲಿನ, ಆಮೇಲಿನ ಫೋಟೋ ತೋರಿಸಿದರು. ನನ್ನ ಗಂಡ ಒಮ್ಮೆ ನೋಡಿದ.

"ಅಮ್ಮ, ಇದು ದುಂಡು ಡಕ್ಟು. ನಿಮ್ಮನೇದು ಚೌಕ. ಇದು ನಿಮ್ಮನೆ ಫೋಟೋನೇ ಅಲ್ಲ."

"ಅವರು ಮೂರು ಜನ ಯೂನಿಫಾರಮ್ ಹಾಕ್ಕೊಂಡು ಬಂದಿದ್ರು," ಅಂದರು ಆಕೆ. ನಾನು ಹಳೆ ಚೂಡಿದಾರದ ಮೇಲೆ ಗಂಡನ ಅಂಗಿ ಹಾಕಿಕೊಂಡಿದ್ದೆ. ಅದನ್ನು ಮೇಲಿಂದ ಕೆಳಗೆ ನೋಡಿ ಆ ಮಾತು ಹೇಳಿದರು.

ಅಡಿಗೆಯವಳು ಕಾಣಲಿಲ್ಲ. ಸ್ಟೌವಿನ ಮುಂದೆ ಯಜಮಾನರ ಸೊಸೆ ಇದ್ದಳು, ಒಲ್ಲದ ಮನಸ್ಸಿಂದ ಹಾಲು ಕಾಯಿಸುತ್ತಿದ್ದಳು. "ಅಡಿಗೆಯವ್ರು ಊರಿಗೆ ಹೋದ್ರಾ?" ಅಂತ ಕೇಳಿದೆ.

"ತೆಗ್ದು ಹಾಕಿದ್ವಿ," ಅಂದರು ಅತ್ತೆ. "ಅವ್ಳಿಗೆ ಕೆಮ್ಮಿತ್ತು. ಮಗೂಗೆ ಬಂದಿದ್ದೇ ಅವ್ಳಿಂದ. ಟಿಬಿ ಟೆಸ್ಟೂ ಮಾಡ್ಸಿದ್ವಿ, ಇಲ್ಲ ಅಂತ ಬಂತು. ಆದ್ರೂ ಹೇಗೆ ನಂಬೋದು? ಮೂರು ತಿಂಗಳು ಅವಳ ತಟ್ಟೆ ಲೋಟ ಬೇರೆ ಇಟ್ಟು ನೋಡಿದ್ವಿ. ಸರಿಹೋಗ್ಲಿಲ್ಲ, ಕಳಿಸಿದ್ವಿ."

ತಟ್ಟೆ ಲೋಟ ಬೇರೆ ಇಟ್ಟವರು ಅವಳ ಕೈಯ ಅಡಿಗೆಯನ್ನು ಮಾತ್ರ ಆ ಮೂರು ತಿಂಗಳೂ ಉಂಡಿದ್ದರು. ಅದನ್ನು ಕೇಳಬೇಕು ಅನ್ನಿಸಿತು. ಗಂಡ ಕಣ್ಣಲ್ಲೇ ಬೇಡ ಅಂದ.

"ಕಳಿಸಿದ ಮೇಲೆ ಮಗು ಕೆಮ್ಮು ನಿಂತಿತಾ?" ಅಂತಷ್ಟೇ ಕೇಳಿದೆ.

ಒಳಗಿನ ಕೋಣೆಯಿಂದ ಮಗು ಕೆಮ್ಮಿದ್ದು ಎಲ್ಲರಿಗೂ ಕೇಳಿಸಿತು.

ಹಾಲ್‌ನ ಸೂರಿನಲ್ಲಿ ಗಾಳಿ ಇಳಿಯುವ ಜಾಲರಿ ಬಿಚ್ಚಿ ತಂತಿಗೆ ಕಟ್ಟಿದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟೆ. ಕೆಳಗೆ ಗಂಡನ ಕೈಯಲ್ಲಿದ್ದ ಪರದೆಯ ಮೇಲೆ ಎಲ್ಲರೂ ನೋಡಿದರು. ಮೊದಲ ಎರಡಡಿ ತಗಡು ಫಳಫಳ ಹೊಳೆಯುತ್ತಿತ್ತು. ಅಲ್ಲಿಂದ ಮುಂದೆ ಕಪ್ಪು. ಗೆರೆ ಎಳೆದ ಹಾಗೆ. ಯೂನಿಫಾರಮ್ಮಿನವರು ಏಣಿಯ ಮೇಲೆ ನಿಂತು ಕೈ ಚಾಚಿದಷ್ಟು ದೂರ ಒರೆಸಿ ಇಳಿದು ಹೋಗಿದ್ದರು. ಆಚೆ ಅಂಟಂಟು ಮಸಿ, ಮಸಿಯ ಕೆಳಗೆ ಕೆಮ್ಮಣ್ಣಿನ ಪುಡಿ, ಒಣಗಿ ಕಡ್ಡಿಯಾದ ಒಂದು ಹಲ್ಲಿ, ಮನೆ ಕಟ್ಟುವಾಗ ಗಾರೆಯವರು ಬಿಟ್ಟ ಗುಟ್ಕಾ ಚೀಟಿಗಳು ಮತ್ತು ಅರ್ಧ ಸಿಮೆಂಟ್ ಚೀಲ. ಗೃಹಪ್ರವೇಶದ ದಿನದಿಂದ ಈ ಮನೆಯವರು ಆ ಚೀಲದ ಮೇಲಿಂದ ಬಂದ ಗಾಳಿಯನ್ನೇ ತಣ್ಣಗೆ ಕುಡಿಯುತ್ತಿದ್ದರು.

"ಇದೆಲ್ಲ ಅವಳ ಒಗ್ಗರಣೆ ಹೊಗೆ," ಅಂದರು ಯಜಮಾನರ ಹೆಂಡತಿ.

ನಾನು ಏಣಿಯ ಮೇಲಿಂದಲೇ ಹೇಳಿದೆ: "ಅಡಿಗೆಮನೇಲಿ ಒಂದೂ ಜಾಲರಿ ಇಲ್ಲಮ್ಮ. ಅಲ್ಲಿಗೆ ನೀವು ಎಸಿ ಕೊಟ್ಟೇ ಇಲ್ಲ. ಅಲ್ಲಿನ ಹೊಗೆ ಈ ಡಕ್ಟಿಗೆ ಬರೋಕೆ ದಾರಿನೇ ಇಲ್ಲ."

ಸೊಸೆ ಸೂರು ನೋಡಿ, ಆಮೇಲೆ ಅತ್ತೆಯ ಮುಖ ನೋಡಿ, ಹಾಲಿನ ಪಾತ್ರೆ ಇಳಿಸಿದಳು.

ಕಪ್ಪು ಎಲ್ಲಿಂದ ಬಂತು ಅಂತ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಂಥ ಯಂತ್ರಗಳಿಗೆ ಹೊರಗಿನ ಹೊಸ ಗಾಳಿ ಎಳೆದುಕೊಳ್ಳಲು ಒಂದು ಬಾಯಿ ಇರುತ್ತದೆ. ಅದನ್ನು ಮನೆಯ ಹಿಂದೆಯೋ ತಾರಸಿಯ ಮೇಲೆಯೋ ಇಡಬೇಕು. ಇಲ್ಲಿ ರಸ್ತೆಯ ಕಡೆಗೇ ಇಟ್ಟಿದ್ದರು, ಕೆತ್ತನೆಯ ಕಲ್ಲುಜಾಲಂಧ್ರದ ಹಿಂದೆ. ಜಾಲಂಧ್ರ ಸುಮ್ಮನೆ ಇದ್ದರೆ ಹಿಂದೆ ಖಾಲಿ ಕಾಣುತ್ತದೆ ಅಂತ ಯಜಮಾನರೇ ಹೇಳಿ ಮಾಡಿಸಿದ್ದಂತೆ. ಏರಿನಲ್ಲಿ ನರಳುವ ಲಾರಿಗಳ ಹೊಗೆಗೂ ಆ ಬಾಯಿಗೂ ನಡುವೆ ಇದ್ದದ್ದು ಒಂದು ಮಾರು ಅಗಲದ ದಾಸವಾಳದ ಸಾಲು. ದಾಸವಾಳದ ಎಲೆಗಳನ್ನು ಬೆರಳಲ್ಲಿ ಒರೆಸಿ ಯಜಮಾನರಿಗೆ ತೋರಿಸಿದೆ. ಅವರು ತೋಟದವನನ್ನು ಬೈದರು, ಎಲೆಗೆ ನೀರು ಹೊಡೆದಿಲ್ಲ ಅಂತ.

ಆಮೇಲೆ ಹಿಂದಿನ ಕೋಣೆಗೆ ಹೋದೆವು. ಯಂತ್ರ ಇದ್ದದ್ದು ಅಲ್ಲಿ. ಕಿಟಕಿ ಇಲ್ಲ. ಯಂತ್ರದ ತಗಡಿನ ಬಾಗಿಲು ಒಂದು ಕಡೆ ಸೊಟ್ಟ, ಕಿರುಬೆರಳು ತೂರುವಷ್ಟು ಸಂದಿ. ಬಾಗಿಲು ತೆಗೆದೆ. ಧೂಳು ಹಿಡಿಯುವ ಫಿಲ್ಟರ್ ಇರಬೇಕಾದ ಜಾಗ ಖಾಲಿ. ಒಂದು ದಿನವೂ ಅಲ್ಲಿ ಫಿಲ್ಟರ್ ಇದ್ದ ಗುರುತಿಲ್ಲ. ಸಂದಿಯ ಎದುರಿನ ಗೋಡೆ ನೆಲದಿಂದ ಎದೆಮಟ್ಟದವರೆಗೆ ಕಪ್ಪು. ಆ ಕಪ್ಪಿನ ನಡುವೆ ಎರಡು ಕಡೆ ಸುಣ್ಣದ ಬಿಳಿ ಹಾಗೇ ಉಳಿದಿತ್ತು. ಒಂದು ಟ್ರಂಕಿನ ಆಕಾರ. ಇನ್ನೊಂದು ಉದ್ದಕ್ಕೆ, ಸುತ್ತಿ ನಿಲ್ಲಿಸಿದ ಹಾಸಿಗೆಯಷ್ಟು.

"ಇಲ್ಲಿ ಯಾರಿರ್ತಿದ್ರು?" ಅಂತ ನನ್ನ ಗಂಡ ಕೇಳಿದ.

"ಅಡಿಗೆಯವ್ಳು ಮಲಗ್ತಿದ್ಲು," ಅಂದರು ಯಜಮಾನರು. "ತಂಪಾಗಿರತ್ತೆ ಅಂತ ನಾವೇ ಕೊಟ್ಟಿದ್ವಿ."

ನನಗೆ ಸೌತೆಕಾಯಿ ಹೆಚ್ಚುತ್ತ ಅವಳು ಹೇಳಿದ್ದು ನೆನಪಾಯಿತು. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎಲ್ಲರಿಗಿಂತ ಹೆಚ್ಚು ಮಸಿ ನುಂಗಿದವಳು ಅವಳು. ಮಗುವಿಗೆ ಅವಳಿಂದ ಬಂದದ್ದಲ್ಲ, ಇಬ್ಬರಿಗೂ ಒಂದೇ ಕಡೆಯಿಂದ ಬಂದದ್ದು. ಯಜಮಾನರಿಗೆ ಅದನ್ನು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದರು:

"ಆಯ್ತು, ಎಂತ ಬೇಕೋ ಹಾಕಿ, ಸರಿ ಮಾಡಿ. ಆದ್ರೆ ಇದನ್ನ ಹೊರಗೆ ಹೇಳ್ಬೇಡಿ. ನಮ್ಮ ಶೋರೂಮಿಗೆ ಬರೋರು ಮನೆ ನೋಡೋಕೆ ಬರ್ತಾರೆ. ಹೆಸರು ಕೆಡತ್ತೆ."

"ಆ ಹೆಂಗಸಿನ ಹೆಸರು ಕೆಟ್ಟಿದೆಯಲ್ಲ," ಅಂದೆ.

"ಅವ್ಳಿಗೆ ಎಂತ ಹೆಸರು ಇರತ್ತೆ?" ಅಂದರು. ಸಿಟ್ಟಿನಿಂದಲ್ಲ. ನಿಜವಾಗಿ ಅರ್ಥವಾಗದೆ ಕೇಳಿದರು. ಸಿಟ್ಟಿನಿಂದ ಅಂದಿದ್ದರೆ ನಾನು ಅಷ್ಟು ಅಸಹ್ಯಪಡುತ್ತಿರಲಿಲ್ಲವೇನೋ.

ಅರ್ಧಕ್ಕೆ ಬಿಟ್ಟು ಬರೋಣ ಅಂದೆ ಗಂಡನಿಗೆ. ಅವನು, "ಒಳಗೆ ಕೂಸಿದೆ ಮಾರಾಯ್ತಿ," ಅಂದ. ಕೆಲಸ ಎರಡು ದಿನ ಹಿಡಿಯಿತು. ಜಾಲರಿಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಡಕ್ಟಿಗೆ ನಡುನಡುವೆ ಕಿಂಡಿ ಕೊಯ್ದು, ತಿರುಗುವ ಬ್ರಷ್ಷು ಬಿಟ್ಟು, ಉದುರಿದ್ದನ್ನು ವ್ಯಾಕ್ಯೂಮಿನಲ್ಲಿ ಎಳೆದೆವು. ಮೂಗಿಗೆ ಎರಡು ಸುತ್ತು ಕಟ್ಟಿಕೊಂಡಿದ್ದರೂ ಸ್ನಾನದ ಮನೆಯಲ್ಲಿ ಸೀನಿದರೆ ಕಪ್ಪು. ಗಾಳಿ ಎಳೆಯುವ ಬಾಯಿಯನ್ನು ರಸ್ತೆ ಕಡೆಯಿಂದ ಕಿತ್ತು ತಾರಸಿಯ ಹಿಂದಿನ ಮೂಲೆಗೆ ಒಯ್ದೆವು. ಯಂತ್ರಕ್ಕೆ ಫಿಲ್ಟರ್ ಹಾಕಿ ಬಾಗಿಲ ಸಂದಿಗೆ ರಬ್ಬರು ಕೂರಿಸಿದೆವು. ಜಾಲಂಧ್ರದ ಹಿಂದೆ ಖಾಲಿ ಕಾಣುತ್ತದೆ ಅಂತ ಯಜಮಾನರು ಅರ್ಧ ಗಂಟೆ ಕೊರಗಿದರು. ಅಲ್ಲೊಂದು ಬಣ್ಣದ ದೀಪ ಇಡಿಸಿದರೆ ಹೇಗೆ ಅಂತ ನನ್ನನ್ನೇ ಕೇಳಿದರು.

ಎರಡನೆಯ ದಿನ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ನಮಗೆ ಚಹಾ ಬಂತು. ನನ್ನ ಲೋಟದ ತಳದಲ್ಲಿ ಕೆಂಪು ನೇಲ್‌ಪಾಲಿಶಿನ ಚುಕ್ಕೆ. ಅದೇ ಗುರುತಿನ ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು. ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಚಹಾ ಕುಡಿದೆ, ಬಿಸಾಡಲಿಲ್ಲ. ಅಡಿಗೆಯವಳ ಲೋಟ ನನಗೆ ಹೇಸಿಗೆಯಲ್ಲ. ತಂದುಕೊಟ್ಟ ಸೊಸೆ ನನ್ನ ಕಣ್ಣು ಲೋಟದ ಮೇಲಿರುವುದನ್ನು ಕಂಡಳು.

"ನಾನು ಬೇಡ ಅಂದಿದ್ದೆ," ಅಂದಳು ಮೆಲ್ಲಗೆ.

"ಯಾರಿಗೆ ಅಂದಿದ್ರಿ?"

"ಮನಸ್ಸಲ್ಲೇ."

ಖಾಲಿ ತಟ್ಟೆ ಎತ್ತಿಕೊಳ್ಳುತ್ತ ಅವಳೇ ಅಡಿಗೆಯವಳ ತಂಗಿ ಮನೆ ರಿಪ್ಪನ್‌ಪೇಟೆಯಲ್ಲಿ ಯಾವ ಕಡೆ ಅಂತ ಹೇಳಿದಳು.

ಮುಂದಿನ ವಾರ ಹೊಸನಗರದಲ್ಲಿ ಒಂದು ಕೆಲಸವಿತ್ತು. ದಾರಿಯಲ್ಲಿ ರಿಪ್ಪನ್‌ಪೇಟೆಯಲ್ಲಿ ವ್ಯಾನು ನಿಲ್ಲಿಸಿ ಕೇಳುತ್ತ ಹೋದೆವು. ಹೆಂಚಿನ ಸಣ್ಣ ಮನೆ, ಮುಂದೆ ತಂಗಿಯ ಗಂಡನ ಸೈಕಲ್ ರಿಪೇರಿ ಅಂಗಡಿ. ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ಬೇರೆಯವರ ಮನೆಯ ಉದ್ದು ಆರಿಸುತ್ತಿದ್ದಳು. ನನ್ನ ಗುರುತು ಹತ್ತಿತು. "ಚಿಮಣಿಯವ್ರಲ್ವಾ, ಎಂತ ಬಂದ್ರಿ?" ಅಂದಳು. ಕೆಮ್ಮು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ಕೂತು ಎಲ್ಲವನ್ನೂ ಹೇಳಿದೆ. ಫಿಲ್ಟರ್ ಇಲ್ಲದ ಯಂತ್ರ, ಗೋಡೆಯ ಕಪ್ಪು, ಮಗುವಿನ ಕೆಮ್ಮು. ಅವತ್ತು ನಾನು ನೋಡದೆ ಹೋದದ್ದು ತಪ್ಪಾಯಿತು ಅಂತಲೂ ಹೇಳಿದೆ. ಅವಳು ಅಳುತ್ತಾಳೆ, ಇಲ್ಲ ನನಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಉದ್ದು ಆರಿಸುತ್ತಲೇ ಕೇಳಿದಳು.

"ಇದ್ರಲ್ಲಿ ನಂಗೆ ಹೊಸದು ಎಂತದೂ ಇಲ್ಲ," ಅಂದಳು. "ಮಸಿ ನನ್ನ ಚಾದರದ ಮೇಲೆ ಬಿದ್ದಿದ್ದು. ನೀವು ಇದನ್ನ ಕಾಗದದಲ್ಲಿ ಬರ್ದು ಕೊಡ್ತೀರಾ?"

"ಯಾರಿಗೆ ತೋರಿಸ್ತೀರಿ?"

ಅವಳು ಗಲ್ಲದಿಂದ ಬಾಗಿಲ ಕಡೆ ತೋರಿಸಿದಳು. ಹೊಸ್ತಿಲ ಹೊರಗೆ, ಗೋಡೆಗೆ ಒಂದು ತಟ್ಟೆ ಒರಗಿಸಿಟ್ಟಿತ್ತು. ಪಕ್ಕದಲ್ಲಿ ಮಗುಚಿಟ್ಟ ಲೋಟ. "ಅವರು ಕಳಿಸಿದ್ದು ಯಾಕೆ ಅಂತ ಊರಿಗೆಲ್ಲ ಗೊತ್ತಾಯ್ತು. ಮದುವೆ ಅಡಿಗೆಯವ್ರೂ ನನ್ನ ಕರೀತಿಲ್ಲ. ತಂಗಿನೂ ಹೆದ್ರಿದ್ಲು. ಟೆಸ್ಟ್ ಚೀಟಿ ತೋರಿಸ್ದೆ. ಟೆಸ್ಟ್ ಸರಿ, ಮತ್ತೆ ಕೆಮ್ಮು ಎಲ್ಲಿಂದ ಬಂತು ಅಂತ ಕೇಳ್ತಾರೆ. ಎಲ್ಲಿಂದ ಬಂತು ಅಂತ ನೀವು ಬರೀರಿ."

ನಮ್ಮ ಲೆಟರ್‌ಹೆಡ್ಡು ವ್ಯಾನಿನಲ್ಲಿತ್ತು. ಕಂಡದ್ದಷ್ಟನ್ನೇ ಬರೆದೆ. ಯಂತ್ರಕ್ಕೆ ಫಿಲ್ಟರ್ ಇರಲಿಲ್ಲ, ಹೆದ್ದಾರಿಯ ಹೊಗೆ ನೇರ ಒಳಗೆ ಬರುತ್ತಿತ್ತು, ಆ ಕೋಣೆ ಮನುಷ್ಯರು ಮಲಗುವಂಥದ್ದಾಗಿರಲಿಲ್ಲ, ಅಲ್ಲಿ ಮಲಗಿದ ಯಾರಿಗಾದರೂ ಕೆಮ್ಮು ಬಂದರೆ ಆಶ್ಚರ್ಯವಿಲ್ಲ. ಮನೆಯವರ ಹೆಸರು ಬರೆಯಬೇಡಿ ಅಂತ ಅವಳೇ ಅಂದಳು. "ಅವರದ್ದು ನಂಗ್ಯಾಕೆ? ನನ್ನದು ಸರಿಯಾದ್ರೆ ಸಾಕು." ಇಬ್ಬರೂ ಸಹಿ ಹಾಕಿ, ನಮ್ಮ ಸೀಲು ಒತ್ತಿದೆವು.

ಅವಳು ಅಂಗಡಿಯಿಂದ ತಂಗಿಯ ಗಂಡನನ್ನು ಕರೆದಳು. ಕೈಗೆ ಗ್ರೀಸು ಮೆತ್ತಿಕೊಂಡೇ ಬಂದ.

"ಓದು," ಅಂದಳು. "ದೊಡ್ಡಕ್ಕೆ ಓದು. ಅವಳಿಗೂ ಕೇಳ್ಲಿ."

ಅವನು ಅಂಚು ಹಿಡಿದು ಓದಿದ. ತಂಗಿ ಬಾಗಿಲ ಹಿಂದೆ ನಿಂತು ಕೇಳಿದಳು. ಸೀಲಿನ ಜಾಗಕ್ಕೆ ಬಂದಾಗ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಹಂಗಾದ್ರೆ ಅಂಟೋ ಕಾಯ್ಲೆ ಅಲ್ಲ," ಅಂದ, ತಾನೇ ಕಂಡುಹಿಡಿದವನ ಹಾಗೆ.

ಎರಡು ತಿಂಗಳಿಂದ ಅವನ ಮನೆಯ ಕಟ್ಟೆಯ ಮೇಲೆ ಕೂತು ಅವಳು ಹೇಳುತ್ತಿದ್ದುದೂ ಅದನ್ನೇ. ಅವಳ ಬಾಯಿಂದ ಬಂದಾಗ ಅದು ಸುಳ್ಳು, ಡಕ್ಟು ಗುಡಿಸುವವರ ಸೀಲು ಬಿದ್ದಾಗ ನಿಜ. ಟೈಲ್ಸ್ ಯಜಮಾನರ ಮೇಲೆ ನನಗಿದ್ದ ತಾತ್ಸಾರದಲ್ಲಿ ಒಂದು ಪಾಲು ಇವನಿಗೂ ಹೋಯಿತು. ಯಂತ್ರದ ಕೋಣೆ ಆ ಮನೆಯಲ್ಲಷ್ಟೇ ಇದ್ದದ್ದಲ್ಲ.

ಅವಳು ಎದ್ದು ಕೈ ತೊಳೆದಳು. ಹೊಸ್ತಿಲಾಚೆಯ ತಟ್ಟೆ ಲೋಟ ಎತ್ತಿ ತಂಗಿಯ ಕೈಗೆ ಕೊಟ್ಟು, "ಒಳಗಿನವುಗಳ ಜತೆ ಸೇರ್ಸು," ಅಂದಳು. ಆಮೇಲೆ ನಮ್ಮ ಕಡೆ ತಿರುಗಿ, "ಊಟ ಮಾಡ್ಕೊಂಡು ಹೋಗಿ, ಅನ್ನ ಆಗಿದೆ," ಅಂದಳು. ಒಳಗೆ ಹೋಗಿ ತಾನೇ ಒಗ್ಗರಣೆ ಹಾಕಿದಳು. ಅವತ್ತಿನ ಮಾವಿನಕಾಯಿ ಗೊಜ್ಜಿನ ರುಚಿಯನ್ನು ನನ್ನ ಗಂಡ ಈಗಲೂ ಹೇಳುತ್ತಿರುತ್ತಾನೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ತಂಗಿ ಬಡಿಸಿದಳು, ಅಕ್ಕನಿಗೆ ಎರಡು ಸಲ ತುಪ್ಪ ಹಾಕಿದಳು.

ವಿಷಯ ಟೈಲ್ಸ್ ಯಜಮಾನರಿಗೆ ಮುಟ್ಟಲು ತಿಂಗಳು ಬೇಕಾಗಲಿಲ್ಲ. ಫೋನ್ ಮಾಡಿ ಕೂಗಾಡಿದರು. ಹೆಸರು ಎಲ್ಲಿ ಬರೆದಿದ್ದೀವಿ ತೋರಿಸಿ ಅಂದೆ. ಸಾಗರದಲ್ಲಿ ಇನ್ನು ಯಾರೂ ನಿಮ್ಮನ್ನು ಕರೆಯದ ಹಾಗೆ ಮಾಡ್ತೀನಿ ಅಂದರು, ಸ್ವಲ್ಪ ಮಟ್ಟಿಗೆ ಮಾಡಿದರು ಕೂಡ. ಹೊಸ ಮನೆ ಕಟ್ಟುವವರೆಲ್ಲ ಅವರ ಶೋರೂಮಿಗೆ ಹೋಗುವವರೇ. ಆ ಬೇಸಿಗೆಯಲ್ಲಿ ನಾನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತೆ. ಮಳೆ ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಕೆಲಸ ಸಿಗತೊಡಗಿತು. ಅಲ್ಲಿಯೂ ಹೆದ್ದಾರಿ ಇದೆ, ಹೆದ್ದಾರಿಗೆ ಮುಖ ಮಾಡುವ ಮನೆಗಳಿಗೂ ಬರವಿಲ್ಲ.

ಮಗುವಿನ ಕೆಮ್ಮು ಎರಡು ತಿಂಗಳಲ್ಲಿ ನಿಂತಿತಂತೆ. ಸೊಸೆ ಒಮ್ಮೆ ಪೇಟೆಯಲ್ಲಿ ಸಿಕ್ಕಾಗ ಹೇಳಿದಳು, ಆಚೀಚೆ ನೋಡಿಕೊಂಡು. ಅಡಿಗೆಯವಳು ಈಗ ಮದುವೆ ಮುಂಜಿಗಳಿಗೆ ಅಡಿಗೆ ಮಾಡಲು ಹೋಗುತ್ತಾಳೆ. ಹುಂಚದ ಕಡೆ, ಕೋಣಂದೂರಿನ ಕಡೆ, ಎಲ್ಲಿ ಕರೆದರೂ ಬಸ್ಸು ಹತ್ತುತ್ತಾಳೆ. ಕೆಮ್ಮು ಚಳಿಗಾಲದಲ್ಲಿ ಒಂದಿಷ್ಟು ಬರುತ್ತದೆ.

ಈಚೆಗೆ ಯಜಮಾನರ ಹೆಂಡತಿಯೇ ಫೋನ್ ಮಾಡಿದ್ದರು. ಜಗಳದ ಮಾತು ಎತ್ತಲೇ ಇಲ್ಲ. ಹತ್ತು ಮನೆ ತಿರುಗುವವರು ನೀವು, ಒಳ್ಳೆ ಕೈರುಚಿ ಇರೋಳು ಯಾರಾದ್ರೂ ಇದ್ರೆ ಹೇಳಿ, ಮನೇಲೇ ಇರೋಕೆ ಕೋಣೆ ಕೊಡ್ತೀವಿ, ಅಂದರು.

"ಯಾವ ಕೋಣೆ?" ಅಂತ ಕೇಳಿದೆ.

"ಅದೇ, ಹಿಂದಿಂದು. ಈಗ ಸುಣ್ಣ ಹೊಡಿಸಿದ್ವಿ."

ಅಡಿಗೆಗೆ ಬರುವವರಾರೂ ನನಗೆ ಗೊತ್ತಿಲ್ಲ ಅಂದು ಫೋನ್ ಇಟ್ಟೆ. ಗಂಡ ವ್ಯಾನಿಗೆ ಏಣಿ ಕಟ್ಟಿ ಹೊರಗೆ ಕಾಯುತ್ತಿದ್ದ. ತೀರ್ಥಹಳ್ಳಿ ಮುಟ್ಟುವುದು ತಡವಾಗುತ್ತಿತ್ತು.